1919ನ್ನು ಪೂರ್ತಿ ಓದಿ: ಅಂತರರಾಷ್ಟ್ರೀಯ ಸಂಬಂಧಗಳ ತರಗತಿಯಿಂದ ಒಂಬತ್ತು ಪಾಠಗಳು

ಅಂತರರಾಷ್ಟ್ರೀಯ ಸಂಬಂಧಗಳ ಪಠ್ಯಪುಸ್ತಕ ಯಾವುದನ್ನೇ ತೆಗೆಯಿರಿ, ಮೊದಲ ಅಧ್ಯಾಯ ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಗ್ರೀಸಿನ ಥುಸಿಡಿಡೀಸ್, ಇಟಲಿಯ ಮಾಕಿಯವೆಲ್ಲಿ, ಇಂಗ್ಲೆಂಡಿನ ಹಾಬ್ಸ್, 1648ರ ವೆಸ್ಟ್‌ಫಾಲಿಯಾ ಒಪ್ಪಂದ, ಎರಡು ಮಹಾಯುದ್ಧಗಳು, ಆಮೇಲೆ ವಾಸ್ತವವಾದಿ ಹ್ಯಾನ್ಸ್ ಮಾರ್ಗೆಂತಾವ್. ಭಾರತ ಬರುವುದು ‘ಅಲಿಪ್ತ ನೀತಿ’ಯ ಅಧ್ಯಾಯದಲ್ಲಿ, ಆಫ್ರಿಕ ಬರುವುದು ‘ವಸಾಹತುಗಳ ವಿಮೋಚನೆ’ಯಲ್ಲಿ. ಯೋಚಿಸುವವರು ಒಂದು ಕಡೆ, ಅವರ ಯೋಚನೆಗೆ ಉದಾಹರಣೆ ಒದಗಿಸುವವರು ಇನ್ನೊಂದು ಕಡೆ.

ಈ ದೂರು ನಮ್ಮ ಕಡೆಯವರದು ಮಾತ್ರವಲ್ಲ. ಹಾರ್ವರ್ಡ್‌ನ ಸ್ಟಾನ್ಲಿ ಹಾಫ್‌ಮನ್ 1977ರಲ್ಲೇ ಈ ಶಾಸ್ತ್ರವನ್ನು ‘ಅಮೆರಿಕದ ಸಮಾಜವಿಜ್ಞಾನ’ ಎಂದು ಕರೆದಿದ್ದರು. ಪಾಶ್ಚಾತ್ಯೇತರ ಸಿದ್ಧಾಂತ ಏಕಿಲ್ಲ ಎಂದು ಅಮಿತಾವ್ ಆಚಾರ್ಯ ಮತ್ತು ಬ್ಯಾರಿ ಬುಝಾನ್ 2007ರಲ್ಲಿ ನೇರವಾಗಿಯೇ ಕೇಳಿದರು.

ನಾನು ಕರ್ನಾಟಕದ ಕಾಲೇಜುಗಳಲ್ಲಿ ಈ ವಿಷಯ ಪಾಠ ಮಾಡುತ್ತ ಬಂದವನು. ಎದುರಿಗೆ ಕೂರುವವರಲ್ಲಿ ಕೆಲವರ ಕಣ್ಣು ನೆಟ್, ಕೆ-ಸೆಟ್ ಮೇಲೆ, ಕೆಲವರದು ಯುಪಿಎಸ್‌ಸಿ ಮೇಲೆ, ಉಳಿದವರಿಗೆ ಎಂ.ಎ. ಮುಗಿದರೆ ಸಾಕು. ಈ ಮೂವರಿಗೂ ಒಂದೇ ಮಾತು ಹೇಳುತ್ತೇನೆ. ಪಶ್ಚಿಮದಾಚೆಯ ನೋಟ ನಮಗೆ ಬೇಕಾಗಿರುವುದು ಹೆಮ್ಮೆ ಪಡುವುದಕ್ಕಲ್ಲ, ಯಾರಿಗೋ ಪಾಲು ಕೊಡುವ ಔದಾರ್ಯಕ್ಕೂ ಅಲ್ಲ. ಅದನ್ನು ಬಿಟ್ಟರೆ ಜಗತ್ತು ಹೇಗೆ ನಡೆಯಿತು ಎಂಬ ವಿವರಣೆಯೇ ತಪ್ಪಾಗುತ್ತದೆ. ಈ ಮಾತು ತರಗತಿಯಲ್ಲಿ ಹೇಗೆ ಗಟ್ಟಿಯಾಯಿತು ಎಂಬುದೇ ಕೆಳಗಿನ ಪಾಠಗಳು.

1. ಹುಟ್ಟಿದ ವರ್ಷವನ್ನು ಪೂರ್ತಿ ಓದಿ

ಈ ಶಾಸ್ತ್ರದ ಜನ್ಮವರ್ಷ 1919 ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ, ಡೇವಿಡ್ ಡೇವಿಸ್ ಕುಟುಂಬದ ದೇಣಿಗೆಯಿಂದ, ಮಹಾಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ನೆನಪಿಗೆ ಅಂತರರಾಷ್ಟ್ರೀಯ ರಾಜಕೀಯದ ಮೊದಲ ಪೀಠ ಸ್ಥಾಪನೆಯಾಯಿತು. ಪೀಠಕ್ಕೆ ಇಟ್ಟ ಹೆಸರು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್‌ರದು. ಯುದ್ಧ ಮತ್ತೆ ಬಾರದಿರಲಿ ಎಂಬ ಒಳ್ಳೆಯ ಆಶಯದಿಂದ ಶಾಸ್ತ್ರ ಹುಟ್ಟಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ನಾನು ಬೋರ್ಡಿನ ಮೇಲೆ 1919 ಎಂದು ಬರೆದು, ಆ ವರ್ಷ ಬೇರೆಲ್ಲಿ ಏನಾಯಿತು ಎಂದು ಕೇಳುತ್ತೇನೆ. ಮೊದಲ ಉತ್ತರ ಜಲಿಯನ್‌ವಾಲಾ ಬಾಗ್. ಮುಂದಿನದನ್ನು ಹುಡುಕಿ ತರಬೇಕು. ಮಾರ್ಚ್ 1ರಂದು ಜಪಾನಿನ ಆಳ್ವಿಕೆಯ ವಿರುದ್ಧ ಕೊರಿಯ ಎದ್ದಿತು. ಮೇ 4ರಂದು ಬೀಜಿಂಗ್‌ನ ವಿದ್ಯಾರ್ಥಿಗಳು ಬೀದಿಗಿಳಿದರು. ಶಾಂಡಾಂಗ್‌ನಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಪ್ಯಾರಿಸ್ ಸಮ್ಮೇಳನ ಜಪಾನಿಗೆ ಒಪ್ಪಿಸಿದ್ದು ಅವರ ಸಿಟ್ಟಿಗೆ ಕಾರಣ. ಅದೇ ಪ್ಯಾರಿಸ್‌ನಲ್ಲಿ, ರಾಷ್ಟ್ರಸಂಘದ ಒಡಂಬಡಿಕೆಯಲ್ಲಿ ಜನಾಂಗೀಯ ಸಮಾನತೆಯ ಮಾತು ಸೇರಲಿ ಎಂದು ಜಪಾನ್ ಪಟ್ಟು ಹಿಡಿದಿತ್ತು. ಏಪ್ರಿಲ್ 11ರಂದು ಮತಕ್ಕೆ ಹಾಕಿದಾಗ 17ರಲ್ಲಿ 11 ಮತ ಪರವಾಗಿ ಬಿದ್ದವು. ಅಧ್ಯಕ್ಷರ ಕುರ್ಚಿಯಲ್ಲಿದ್ದ ವಿಲ್ಸನ್, ಸರ್ವಾನುಮತವಿಲ್ಲ ಎಂಬ ಕಾರಣಕ್ಕೆ ಅದನ್ನು ಬಿದ್ದುಹೋಯಿತೆಂದು ಸಾರಿದರು. ಎರಡು ದಿನ ಕಳೆಯುವಷ್ಟರಲ್ಲಿ ಅಮೃತಸರದಲ್ಲಿ ಗುಂಡು ಹಾರಿತು.

ಪುಸ್ತಕಗಳ ಲೋಕದಲ್ಲೂ ಆ ವರ್ಷ ಏನೇನೋ ನಡೆಯಿತು. 1910ರಿಂದ ಅಮೆರಿಕದಲ್ಲಿ ಪ್ರಕಟವಾಗುತ್ತಿದ್ದ ‘ಜರ್ನಲ್ ಆಫ್ ರೇಸ್ ಡೆವಲಪ್‌ಮೆಂಟ್’ ಎಂಬ ಪತ್ರಿಕೆ 1919ರಲ್ಲಿ ‘ಜರ್ನಲ್ ಆಫ್ ಇಂಟರ್‌ನ್ಯಾಷನಲ್ ರಿಲೇಷನ್ಸ್’ ಎಂದು ಹೆಸರು ಬದಲಿಸಿಕೊಂಡಿತು. ಅದು 1922ರಲ್ಲಿ ‘ಫಾರಿನ್ ಅಫೇರ್ಸ್’ನೊಳಗೆ ಸೇರಿತು. ಅದೇ 1919ರಲ್ಲಿ ಬಂಗಾಳದ ಬಿನಯ್ ಕುಮಾರ್ ಸರ್ಕಾರ್ ಅಂತರರಾಷ್ಟ್ರೀಯ ಸಂಬಂಧಗಳ ಹಿಂದೂ ಸಿದ್ಧಾಂತದ ಮೇಲೆ ಬರೆದ ಲೇಖನ ‘ಅಮೆರಿಕನ್ ಪೊಲಿಟಿಕಲ್ ಸೈನ್ಸ್ ರಿವ್ಯೂ’ದಲ್ಲಿ ಅಚ್ಚಾಯಿತು.

ಅಂದರೆ ನಮ್ಮ ಶಾಸ್ತ್ರ ಹುಟ್ಟಿದಾಗ ಯುದ್ಧ ಮತ್ತು ಶಾಂತಿಯ ಜೊತೆಗೆ ಜನಾಂಗ ಮತ್ತು ಸಾಮ್ರಾಜ್ಯದ ಪ್ರಶ್ನೆಗಳೂ ಅದೇ ಮೇಜಿನ ಮೇಲಿದ್ದವು. ಆ ಎರಡನ್ನು ಸರಿಸಿಟ್ಟದ್ದು ನಂತರದ ಪಠ್ಯಪುಸ್ತಕ. ಇದನ್ನು ಕಂಡ ವಿದ್ಯಾರ್ಥಿ ಮುಂದೆ ಯಾವ ಅಧ್ಯಾಯ ತೆರೆದರೂ ಇಲ್ಲಿಂದ ಏನನ್ನು ತೆಗೆದಿದ್ದಾರೆ ಎಂದು ಕೇಳುತ್ತಾನೆ.

2. ಪ್ರಸಿದ್ಧ ಘಟನೆಯನ್ನು ಇನ್ನೊಂದು ಊರಿನಿಂದ ನೋಡಿ

1962ರ ಅಕ್ಟೋಬರ್ ಎಂದರೆ ನಮ್ಮ ಶಾಸ್ತ್ರದಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಹದಿಮೂರು ದಿನ: ಅಕ್ಟೋಬರ್ 16ರಿಂದ 28. ಗ್ರಹಾಂ ಆಲಿಸನ್ 1971ರಲ್ಲಿ ಬರೆದ ‘ಎಸೆನ್ಸ್ ಆಫ್ ಡಿಸಿಷನ್’ ಬಂದ ಮೇಲಂತೂ ಸರ್ಕಾರಗಳು ನಿರ್ಧಾರಕ್ಕೆ ಬರುವ ಬಗೆಯನ್ನು ಇದೇ ಉದಾಹರಣೆಯಿಂದ ಕಲಿಸುವುದು ರೂಢಿಯಾಯಿತು. ಇಡೀ ನಾಟಕಕ್ಕೆ ಎರಡೇ ಪಾತ್ರ, ಕೆನಡಿ ಮತ್ತು ಕ್ರುಶ್ಚೇವ್.

ಈಗ ಅದೇ ದಿನಗಳಲ್ಲಿ ತವಾಂಗ್‌ನಲ್ಲಿ ನಿಂತು ನೋಡಿ. ಅಕ್ಟೋಬರ್ 20ರಂದು ಚೀನಾ ಲಡಾಖ್‌ನಲ್ಲೂ ನೇಫಾದಲ್ಲೂ (ಇಂದಿನ ಅರುಣಾಚಲ) ಭಾರತದ ಮೇಲೆ ದಾಳಿ ಮಾಡಿತು. 22ರಂದು ಕೆನಡಿ ಕ್ಯೂಬಾದ ದಿಗ್ಬಂಧನ ಘೋಷಿಸಿದರು. ಅಮೆರಿಕದೊಡನೆ ಮುಖಾಮುಖಿಯಾಗಿದ್ದ ಮಾಸ್ಕೋಗೆ ಆ ಗಳಿಗೆಯಲ್ಲಿ ಬೀಜಿಂಗ್ ಬೇಕಿತ್ತು. 25ರಂದು ‘ಪ್ರಾವ್ದಾ’ ಗಡಿ ವಿವಾದದಲ್ಲಿ ಚೀನಾದ ಪ್ರಸ್ತಾಪಗಳ ಪರ ಸಂಪಾದಕೀಯ ಬರೆಯಿತು. ಕ್ಯೂಬಾದ ಬಿಸಿ ಆರಿದ ಮೇಲೆ ನವೆಂಬರ್‌ನಲ್ಲಿ ಸೋವಿಯತ್ ದನಿ ಮತ್ತೆ ತಟಸ್ಥವಾಯಿತು. ಕೆರಿಬಿಯನ್ನಿನ ಬಿಕ್ಕಟ್ಟು ಹಿಮಾಲಯದಲ್ಲಿ ಯಾರು ಯಾರ ಜೊತೆ ಎಂಬುದನ್ನು ಕೆಲವು ದಿನಗಳ ಮಟ್ಟಿಗೆ ಬದಲಿಸಿತ್ತು. ಎರಡನ್ನೂ ಬೇರೆ ಬೇರೆ ಅಧ್ಯಾಯದಲ್ಲಿ ಓದುವವನಿಗೆ ಈ ಕೊಂಡಿ ಕಾಣುವುದೇ ಇಲ್ಲ.

ಇನ್ನು ನ್ಯೂಯಾರ್ಕ್‌ನಲ್ಲಿ ಕೂತಿದ್ದ ಬರ್ಮಾದವರು. ವಿಶ್ವಸಂಸ್ಥೆಯ ಹಂಗಾಮಿ ಮಹಾಕಾರ್ಯದರ್ಶಿ ಊ ಥಾಂಟ್ ಅಕ್ಟೋಬರ್ 24ರಂದು ಇಬ್ಬರು ನಾಯಕರಿಗೂ ಪತ್ರ ಬರೆದು, ಎರಡು ಮೂರು ವಾರ ಶಸ್ತ್ರಾಸ್ತ್ರ ಸಾಗಣೆಯನ್ನೂ ದಿಗ್ಬಂಧನವನ್ನೂ ತಡೆಹಿಡಿಯಿರಿ ಎಂದರು. ಕ್ರುಶ್ಚೇವ್ ಹಿಂದೆ ಸರಿಯುವಾಗ ಮುಖ ಉಳಿಸಿಕೊಳ್ಳಲು ಇಂಥದೊಂದು ಬಾಗಿಲು ಬೇಕಿತ್ತು. ತಿಂಗಳ ಕೊನೆಯಲ್ಲಿ ಥಾಂಟ್ ಹವಾನಾಕ್ಕೂ ಹೋದರು. ತನ್ನನ್ನು ಕೇಳದೆಯೇ ಒಪ್ಪಂದ ಮಾಡಿಕೊಂಡರೆಂದು ಕುದಿಯುತ್ತಿದ್ದ ಕ್ಯಾಸ್ಟ್ರೋ, ತನ್ನ ನೆಲದಲ್ಲಿ ತಪಾಸಣೆ ನಡೆಯಲು ಬಿಡಲಿಲ್ಲ. ಇಬ್ಬರ ನಾಟಕದಲ್ಲಿ ಈಗ ಕನಿಷ್ಠ ಐವರಿದ್ದಾರೆ. ಘಟನೆಯೇ ಬೇರೆಯಾಗಿ ಕಾಣುತ್ತದೆ.

ಶೀತಲ ಸಮರದ ಕಾಲವನ್ನು ‘ದೀರ್ಘ ಶಾಂತಿ’ ಎಂದು ಜಾನ್ ಲೂಯಿಸ್ ಗ್ಯಾಡಿಸ್ ಕರೆದದ್ದು ಮಹಾಶಕ್ತಿಗಳು ಪರಸ್ಪರ ಯುದ್ಧಕ್ಕಿಳಿಯಲಿಲ್ಲ ಎಂಬ ಅರ್ಥದಲ್ಲಿ. ಆ ಅರ್ಥದಲ್ಲಿ ಅದು ಸರಿ. ಆದರೆ ಕೊರಿಯ, ವಿಯೆಟ್ನಾಂ, ಅಂಗೋಲಾದ ವಿದ್ಯಾರ್ಥಿಗೆ ಅದೇ ಪದ ಹೇಳಿ ನೋಡಿ.

3. ಕೌಟಿಲ್ಯನನ್ನು ಮಾಕಿಯವೆಲ್ಲಿಯ ತಮ್ಮನನ್ನಾಗಿ ಮಾಡಬೇಡಿ

ಪಾಶ್ಚಾತ್ಯೇತರ ಚಿಂತನೆ ಎಂದ ಕೂಡಲೇ ನಮ್ಮಲ್ಲಿ ಕೌಟಿಲ್ಯನ ಹೆಸರು ಬರುತ್ತದೆ, ಬರಲೇಬೇಕು. ಅರ್ಥಶಾಸ್ತ್ರ ಆಧುನಿಕ ಜಗತ್ತಿಗೆ ಮರಳಿ ಸಿಕ್ಕಿದ್ದೇ ಮೈಸೂರಿನಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಗರಿಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದರು. 1905ರಿಂದ ಅದರ ಭಾಗಗಳನ್ನು ಬೆಳಕಿಗೆ ತಂದು, 1909ರಲ್ಲಿ ಸಂಸ್ಕೃತ ಪಠ್ಯವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. 1919ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಉಪನ್ಯಾಸ ಕೊಟ್ಟ ಮ್ಯಾಕ್ಸ್ ವೆಬರ್, ಇದರ ಮುಂದೆ ಮಾಕಿಯವೆಲ್ಲಿಯ ಪುಸ್ತಕ ಸಾಧುವಾಗಿ ಕಾಣುತ್ತದೆ ಎಂಬರ್ಥದ ಮಾತಾಡಿದರು. ಆ ಹೋಲಿಕೆ ಇಂದಿನವರೆಗೂ ಕೌಟಿಲ್ಯನ ಬೆನ್ನು ಬಿಟ್ಟಿಲ್ಲ.

ವಿದ್ಯಾರ್ಥಿಗಳು ಬರೆಯುವ ಉತ್ತರ ಹೀಗಿರುತ್ತದೆ: ನೆರೆಯವನು ಶತ್ರು, ನೆರೆಯವನ ನೆರೆಯವನು ಮಿತ್ರ, ಆದ್ದರಿಂದ ಕೌಟಿಲ್ಯ ವಾಸ್ತವವಾದಿ. ಇಷ್ಟೇ ಆದರೆ ಅವನನ್ನು ಓದಿ ಹೊಸದೇನೂ ಸಿಗದು. ಅವನಲ್ಲಿ ಬೇರೆಯಾಗಿರುವುದನ್ನು ಹುಡುಕಬೇಕು. ರಾಜ್ಯದ ಏಳು ಅಂಗಗಳಲ್ಲಿ ಅವನು ಕೊನೆಯದಾಗಿ ಎಣಿಸುವುದು ಮಿತ್ರನನ್ನು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡಗಳ ಸಾಲಿನಲ್ಲೇ ಮಿತ್ರ. ಇಂದಿನ ವಾಸ್ತವವಾದದಲ್ಲಿ ಮಿತ್ರರಾಷ್ಟ್ರ ರಾಜ್ಯದ ಹೊರಗಿರುತ್ತದೆ. ಇಲ್ಲಿ ಅದು ರಾಜ್ಯದ ದೇಹದ ಭಾಗ. ಸುತ್ತಲಿನ ರಾಜರ ವರ್ತುಲವಾದ ಮಂಡಲದಲ್ಲಿ ಮಧ್ಯಮನಿದ್ದಾನೆ, ಉದಾಸೀನನಿದ್ದಾನೆ. ಎರಡು ಪಕ್ಷವಷ್ಟೇ ಅಲ್ಲ. ಷಾಡ್ಗುಣ್ಯ ಎಂಬ ಆರು ನೀತಿಗಳಲ್ಲಿ ಯುದ್ಧ, ಸಂಧಿಗಳ ಜೊತೆ ಸುಮ್ಮನೆ ಕಾಯುವ ‘ಆಸನ’ವೂ ಒಂದು ನೀತಿ, ಒಬ್ಬನೊಡನೆ ಸಂಧಿ ಮಾಡಿ ಇನ್ನೊಬ್ಬನೊಡನೆ ಕಾದುವ ‘ದ್ವೈಧೀಭಾವ’ವೂ ಒಂದು ನೀತಿ. ಗೆದ್ದ ನಾಡಿನ ಜನರ ಆಚಾರ, ಉಡುಗೆ, ಭಾಷೆಗಳನ್ನು ಗೆದ್ದವನೇ ಅನುಸರಿಸಬೇಕು ಎಂದೂ ಅವನು ಹೇಳುತ್ತಾನೆ. ಇರಾಕ್ ಆಕ್ರಮಣದ ಬಗ್ಗೆ ಸೆಮಿನಾರ್ ಮಾಡುವಾಗ ನಾನು ಮೊದಲು ಓದಿಸುವುದು ಈ ಭಾಗವನ್ನು.

ಜೊತೆಗೊಂದು ಎಚ್ಚರಿಕೆ. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಚಂದ್ರಗುಪ್ತ ಮೌರ್ಯನ ಕಾಲದ್ದು ಎನ್ನುವವರಿದ್ದಾರೆ, ಕ್ರಿಸ್ತಶಕದ ಮೊದಲ ಶತಮಾನಗಳಿಗೆ ಇಳಿಸುವವರೂ ಇದ್ದಾರೆ. ಇಂದಿನ ದೆಹಲಿಯ ಪ್ರತಿ ನಡೆಯನ್ನೂ ಅದರಿಂದ ವಿವರಿಸಲು ಹೊರಟರೆ ಅದು ಅಧ್ಯಯನವಾಗದು, ಜ್ಯೋತಿಷ್ಯವಾಗುತ್ತದೆ.

4. ಸಿದ್ಧಾಂತ ಪ್ರಾಧ್ಯಾಪಕರ ಕೋಣೆಯಲ್ಲೇ ಹುಟ್ಟಬೇಕೆಂದಿಲ್ಲ

“ಸರ್, ಆಫ್ರಿಕದಲ್ಲಿ, ಲ್ಯಾಟಿನ್ ಅಮೆರಿಕದಲ್ಲಿ ಥಿಯರಿ ಬರೆದವರು ಯಾರಿದ್ದಾರೆ?” ಎಂಬ ಪ್ರಶ್ನೆ ಬರುತ್ತಲೇ ಇರುತ್ತದೆ. ಹುಡುಕುವ ಜಾಗ ಬದಲಿಸಿ ಎನ್ನುತ್ತೇನೆ. ಅಲ್ಲಿನ ಯೋಚನೆ ಬಹಳಷ್ಟು ಸಲ ಟಿಪ್ಪಣಿ, ವರದಿ, ಠರಾವುಗಳ ರೂಪದಲ್ಲಿದೆ.

1902ರ ಡಿಸೆಂಬರ್‌ನಲ್ಲಿ ಸಾಲ ವಸೂಲಿಗೆಂದು ಬ್ರಿಟನ್, ಜರ್ಮನಿ, ಇಟಲಿಗಳ ಯುದ್ಧನೌಕೆಗಳು ವೆನೆಜುವೆಲಾದ ಬಂದರುಗಳನ್ನು ಮುತ್ತಿದವು. ಸಾರ್ವಜನಿಕ ಸಾಲದ ನೆಪದಲ್ಲಿ ಸೈನ್ಯ ಬಳಸುವಂತಿಲ್ಲ ಎಂದು ಅರ್ಜೆಂಟೀನಾದ ವಿದೇಶಾಂಗ ಸಚಿವ ಲೂಯಿಸ್ ಮರಿಯಾ ಡ್ರಾಗೊ ಟಿಪ್ಪಣಿ ಕಳಿಸಿದರು. 1907ರ ಹೇಗ್ ಸಮ್ಮೇಳನ ಅದನ್ನು ಷರತ್ತುಗಳೊಂದಿಗೆ ಒಪ್ಪಿತು. ಬಲಪ್ರಯೋಗಕ್ಕೆ ಕಾನೂನಿನ ಮಿತಿ ಹಾಕಿದ ಆರಂಭದ ಹೆಜ್ಜೆಗಳಲ್ಲಿ ಇದು ಒಂದು.

ಅರ್ಜೆಂಟೀನಾದವರೇ ಆದ ರಾಉಲ್ ಪ್ರೆಬಿಷ್ 1949ರಲ್ಲಿ ವಿಶ್ವಸಂಸ್ಥೆಯ ಲ್ಯಾಟಿನ್ ಅಮೆರಿಕ ಆಯೋಗಕ್ಕಾಗಿ ಬರೆದ ವರದಿ, ಕಚ್ಚಾ ಸರಕು ಮಾರುವ ದೇಶಗಳು ಯಂತ್ರ ಮಾರುವ ದೇಶಗಳೆದುರು ದೀರ್ಘಕಾಲದಲ್ಲಿ ಹೇಗೆ ಸೋಲುತ್ತವೆ ಎಂದು ತೋರಿಸಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಪಾಕಿಸ್ತಾನದ ಮಹಬೂಬ್ ಉಲ್ ಹಕ್ 1990ರಲ್ಲಿ ಮಾನವ ಅಭಿವೃದ್ಧಿ ವರದಿಯನ್ನು ಆರಂಭಿಸಿದರು. ಆ ಸರಣಿಯ 1994ರ ವರದಿ ಭದ್ರತೆಯ ಮಾತನ್ನು ಗಡಿಯಿಂದ ಮನುಷ್ಯನ ಕಡೆಗೆ ತಿರುಗಿಸಿತು.

ಹೆಚ್ಚು ಬೆರಗು ಹುಟ್ಟಿಸುವುದು, ತನ್ನ ಜನರನ್ನು ರಾಜ್ಯ ಕಾಪಾಡದಿದ್ದರೆ ಹೊರಗಿನವರು ಮಧ್ಯಪ್ರವೇಶಿಸಬಹುದು ಎನ್ನುವ ‘ರಕ್ಷಿಸುವ ಹೊಣೆ’ ಎಂಬ ತತ್ವ. ಅದು ಪಶ್ಚಿಮದ ಹೇರಿಕೆ ಎಂದು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಸಾರ್ವಭೌಮತ್ವ ಎಂದರೆ ಹೊಣೆಗಾರಿಕೆ ಎಂದು 1990ರ ದಶಕದಲ್ಲಿ ವಾದ ಕಟ್ಟಿದವರಲ್ಲಿ ಮುಖ್ಯರು ಸುಡಾನಿನ ರಾಜತಾಂತ್ರಿಕ ಫ್ರಾನ್ಸಿಸ್ ಡೆಂಗ್. ನರಮೇಧ, ಯುದ್ಧಾಪರಾಧಗಳು ನಡೆದರೆ ಸದಸ್ಯ ದೇಶದೊಳಗೆ ಮಧ್ಯಪ್ರವೇಶಿಸುವ ಹಕ್ಕನ್ನು ಆಫ್ರಿಕನ್ ಒಕ್ಕೂಟ 2000ದ ತನ್ನ ಸ್ಥಾಪನಾ ಕಾಯಿದೆಯಲ್ಲೇ ಬರೆದುಕೊಂಡಿತು. ಆ ತತ್ವಕ್ಕೆ ಹೆಸರು ಕೊಟ್ಟ ಅಂತರರಾಷ್ಟ್ರೀಯ ಆಯೋಗದ ವರದಿ ಬಂದದ್ದು 2001ರಲ್ಲಿ. ಆ ಆಯೋಗದ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು ಅಲ್ಜೀರಿಯಾದ ಮೊಹಮ್ಮದ್ ಸಹನೂನ್. ಲಿಬಿಯಾದಲ್ಲಿ 2011ರಲ್ಲಿ ಅದನ್ನು ಬಳಸಿದ ಬಗೆಯನ್ನು ಟೀಕಿಸಿ, ತಪ್ಪಿಲ್ಲ. ಆದರೆ ಹುಟ್ಟಿನ ಕಥೆಯನ್ನು ಸರಿಯಾಗಿ ಹೇಳಿ.

5. ಸಮುದ್ರದ ಕಡೆಯಿಂದಲೂ ಓದಿ

1603ರಲ್ಲಿ ಸಿಂಗಾಪುರದ ಬಳಿ ಡಚ್ಚರು ‘ಸಾಂತಾ ಕ್ಯಾಟರಿನಾ’ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದರು. ಅದನ್ನು ಸಮರ್ಥಿಸಲು ಡಚ್ ಕಂಪನಿಯ ಪರವಾಗಿ ಹ್ಯೂಗೊ ಗ್ರೋಷಿಯಸ್ ಬರೆದದ್ದರ ಒಂದು ಭಾಗವೇ 1609ರಲ್ಲಿ ಹೊರಬಂದ ‘ಮಾರೆ ಲಿಬೆರಮ್’, ಸಮುದ್ರ ಎಲ್ಲರದು ಎಂಬ ವಾದದ ಮೂಲಗ್ರಂಥ. ಪೂರ್ವದ ಜನರಿಗೆ ತಮ್ಮದೇ ರಾಜರು, ತಮ್ಮದೇ ಕಾನೂನು ಇವೆ, ಆದ್ದರಿಂದ ಪೋರ್ಚುಗೀಸರು ಒಡೆತನ ಸಾಧಿಸಲಾಗದು ಎಂದು ಅದರಲ್ಲಿ ಅವನೇ ಬರೆದ. 1950ರ ದಶಕದಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸಿ. ಎಚ್. ಅಲೆಕ್ಸಾಂಡ್ರೊವಿಚ್, ಈ ವಾದದ ಹಿಂದೆ ಹಿಂದೂ ಮಹಾಸಾಗರದ ವ್ಯಾಪಾರದ ಪದ್ಧತಿಗಳೂ ಇದ್ದವು ಎಂದು ತೋರಿಸಲು ಹೊರಟವರು. ಮುಂದೆ ಅದೇ ಡಚ್ಚರು 1621ರಲ್ಲಿ ಬಾಂದಾ ದ್ವೀಪಗಳಲ್ಲಿ ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ ಕೊಲೆಗೈದರು ಎಂಬುದನ್ನೂ ಒಟ್ಟಿಗೇ ಹೇಳಬೇಕು.

ನಮ್ಮ ಕರಾವಳಿಗೆ ಇದು ದೂರದ ಕಥೆಯಲ್ಲ. ಪೋರ್ಚುಗೀಸರ ‘ಕಾರ್ತಾಜ್’ ಎಂಬ ಪರವಾನಗಿ ಚೀಟಿಯಿಲ್ಲದೆ ಹಡಗು ಬಿಡಲಾಗದ ಕಾಲದಲ್ಲಿ ಉಳ್ಳಾಲದ ರಾಣಿಯರು ಅವರನ್ನು ಎದುರು ಹಾಕಿಕೊಂಡರು. ಅದಕ್ಕೂ ಮುಂಚೆ, ತೈಮೂರಿ ದೊರೆ ಶಾರುಖ್‌ನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಕಲ್ಲಿಕೋಟೆಯಿಂದ ವಿಜಯನಗರಕ್ಕೆ ಬಂದ. ಕಲ್ಲಿಕೋಟೆಯ ಸಾಮೂದಿರಿ ವಿಜಯನಗರದ ಅಧೀನನಲ್ಲದಿದ್ದರೂ ಅದಕ್ಕೆ ಅಂಜುತ್ತಾನೆ ಎಂಬರ್ಥದಲ್ಲಿ ಅವನು ದಾಖಲಿಸಿದ್ದಾನೆ. ಅಧೀನವೂ ಅಲ್ಲ, ಸಮಾನವೂ ಅಲ್ಲ. ಎಲ್ಲ ರಾಜ್ಯಗಳೂ ಸಮಾನ ಸಾರ್ವಭೌಮರು ಎಂಬ ವೆಸ್ಟ್‌ಫಾಲಿಯಾದ ಅಳತೆಗೆ ಸಿಗದ ಈ ಸಂಬಂಧ, ಇಂದಿನ ದೊಡ್ಡ ಮತ್ತು ಸಣ್ಣ ದೇಶಗಳ ನಡುವೆ ಎಷ್ಟು ಕಡೆ ಇಲ್ಲ ಹೇಳಿ.

6. ಕೆಲಸ ಮಾಡಿದವರ ದಾಖಲೆಯೂ ಪಠ್ಯವೇ

ಅಲಿಪ್ತ ನೀತಿಯನ್ನು ನೆಹರೂ ಭಾಷಣಗಳಿಂದ ಮಾತ್ರ ಕಲಿಸಿದರೆ ಅದು ಉಪದೇಶದಂತೆ ಕೇಳುತ್ತದೆ. ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರ ಕೊರಿಯ ಅನುಭವದಿಂದ ಕಲಿಸಿ. ಕೊರಿಯ ಯುದ್ಧ ನಿಂತ 1953ರಲ್ಲಿ, ಸ್ವದೇಶಕ್ಕೆ ಮರಳಲೊಲ್ಲದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಐದು ತಟಸ್ಥ ದೇಶಗಳ ಆಯೋಗಕ್ಕೆ ಬಂತು, ಅಧ್ಯಕ್ಷರು ತಿಮ್ಮಯ್ಯ. ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣ ಕೊರಿಯದ ಸಿಂಗ್‌ಮನ್ ರೀ ಹಟ ಹಿಡಿದಾಗ ಅವರನ್ನು ಹೆಲಿಕಾಪ್ಟರ್‌ನಲ್ಲಿ ಸೇನಾಮುಕ್ತ ವಲಯಕ್ಕೆ ಇಳಿಸಬೇಕಾಯಿತು. ಎರಡೂ ಪಾಳೆಯಗಳು ಅವರನ್ನು ಅನುಮಾನದಿಂದಲೇ ನೋಡಿದವು. ಎರಡೂ ಕಡೆ ಹೋಗಲೊಲ್ಲದ ಕೆಲವು ಕೈದಿಗಳು ಕೊನೆಗೆ ಭಾರತಕ್ಕೆ ಬಂದರು. ತಟಸ್ಥತೆ ಎಂದರೆ ಕೈಕಟ್ಟಿ ಕೂರುವುದಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ನನಗೆ ಸಿಕ್ಕಿಲ್ಲ.

7. ನೆರೆಯವರ ಕಣ್ಣಲ್ಲಿ ನಾವೂ ದೊಡ್ಡಣ್ಣನೇ

‘ಪಾಶ್ಚಾತ್ಯೇತರ’ ಎಂಬುದು ಒಂದೇ ದನಿಯಲ್ಲ. 1971ರ ಡಿಸೆಂಬರ್ 7ರಂದು, ಭಾರತ ಮತ್ತು ಪಾಕಿಸ್ತಾನ ಯುದ್ಧ ನಿಲ್ಲಿಸಿ ಸೇನೆ ಹಿಂತೆಗೆಯಲಿ ಎಂಬ ಠರಾವಿಗೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 104 ಮತ ಪರ, 11 ವಿರುದ್ಧ ಬಿದ್ದವು. ಪರ ಮತ ಹಾಕಿದವರಲ್ಲಿ ನಮ್ಮ ಅಲಿಪ್ತ ಗೆಳೆಯರು ಬಹಳ ಮಂದಿ. ಪೂರ್ವ ಬಂಗಾಳದ ಸಂಕಟಕ್ಕಿಂತ ತಮ್ಮ ಗಡಿಗಳು ಒಡೆದಾವೆಂಬ ಭಯವೇ ಅವರಿಗೆ ದೊಡ್ಡದಾಗಿತ್ತು.

ನೇಪಾಳವನ್ನು ಶಾಂತಿವಲಯವೆಂದು ಘೋಷಿಸಬೇಕೆಂದು ದೊರೆ ಬೀರೇಂದ್ರ 1975ರಲ್ಲಿ ಪ್ರಸ್ತಾಪಿಸಿದರು. ನೂರಕ್ಕೂ ಹೆಚ್ಚು ದೇಶಗಳು ಬೆಂಬಲಿಸಿದರೂ ಭಾರತ ಒಪ್ಪಲಿಲ್ಲ. ದೆಹಲಿಗೆ ಅದರದೇ ಕಾರಣಗಳಿದ್ದವು. ಆದರೆ ಕಠ್ಮಂಡುವಿನಲ್ಲಿ ಕೂತು ಬರೆಯುವ ಪುಸ್ತಕದಲ್ಲಿ ‘ಪ್ರಾಬಲ್ಯ’ದ ಅಧ್ಯಾಯಕ್ಕೆ ಉದಾಹರಣೆ ವಾಷಿಂಗ್ಟನ್ ಆಗಿರಬೇಕಿಲ್ಲ. ಈ ಪಾಠಕ್ಕೆ ತರಗತಿಯಲ್ಲಿ ಸದಾ ಸ್ವಲ್ಪ ಪ್ರತಿರೋಧ ಬರುತ್ತದೆ. ಬರಲಿ. ಅಂಚಿನಿಂದ ನೋಡುವುದನ್ನು ಕಲಿಸುತ್ತೇವೆ ಎನ್ನುವವರು ನಮ್ಮ ಅಂಚಿನಲ್ಲಿರುವವರನ್ನು ಬಿಟ್ಟು ಕಲಿಸಲಾಗದು.

8. ಪೂರ್ವದ ಮಾತಿಗೂ ಅದೇ ಒರೆಗಲ್ಲು

ಪ್ಯಾರಿಸ್‌ನಲ್ಲಿ ಸಮಾನತೆ ಕೇಳಿದ ಜಪಾನ್ ಅದೇ ವಸಂತದಲ್ಲಿ ಕೊರಿಯವನ್ನು ತುಳಿಯುತ್ತಿತ್ತು. 1940ರಲ್ಲಿ ಅದು ಸಾರಿದ ‘ಬೃಹತ್ ಪೂರ್ವ ಏಷ್ಯಾ ಸಹಸಮೃದ್ಧಿ ವಲಯ’ವೂ ಪಶ್ಚಿಮದ ವಿರುದ್ಧ ಏಷ್ಯಾದ ದನಿ ಎಂದೇ ಬಂದಿತ್ತು. ಇಂದು ಚೀನಾದ ಝಾವೊ ಟಿಂಗ್‌ಯಾಂಗ್ ‘ತಿಯಾನ್‌ಶಿಯಾ’ ಎಂಬ ಹಳೆಯ ಕಲ್ಪನೆಯಿಂದ ಇಡೀ ಲೋಕವನ್ನು ಒಂದು ಘಟಕವಾಗಿ ಯೋಚಿಸುವ ಸಿದ್ಧಾಂತ ಕಟ್ಟಿದ್ದಾರೆ. ಓದಬೇಕಾದ ಚಿಂತನೆ ಅದು. ಜೊತೆಗೆ, ಆ ವ್ಯವಸ್ಥೆಯಲ್ಲಿ ಮಧ್ಯದಲ್ಲಿ ಕೂರುವವರು ಯಾರು, ವಿಯೆಟ್ನಾಂ ಅದನ್ನು ಹೇಗೆ ಕಂಡಿತು ಎಂದೂ ಕೇಳಬೇಕು.

ಪರರ ಆಂತರಿಕ ವಿಷಯದಲ್ಲಿ ಕೈಹಾಕಬಾರದು ಎಂಬ ತತ್ವ ಬಡ ದೇಶಗಳಿಗೆ ಗುರಾಣಿಯಾಗಿದೆ, ನಿಜ. ಆದರೆ 1979ರ ಜನವರಿಯಲ್ಲಿ ವಿಯೆಟ್ನಾಂ ಕಾಂಬೋಡಿಯಾದಲ್ಲಿ ಪೋಲ್ ಪಾಟ್‌ನ ಖಮೇರ್ ರೂಜ್ ಆಳ್ವಿಕೆಯನ್ನು ಉರುಳಿಸಿದಾಗ, ಆಸಿಯಾನ್ ಅದೇ ತತ್ವ ಹಿಡಿದು ಆಕ್ರಮಣವನ್ನು ವಿರೋಧಿಸಿತು. ಚೀನಾ, ಅಮೆರಿಕಗಳ ಬೆಂಬಲವೂ ಸೇರಿ, ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿ 1980ರ ದಶಕದುದ್ದಕ್ಕೂ ಖಮೇರ್ ರೂಜ್ ಇದ್ದ ಬಣದ ಕೈಯಲ್ಲೇ ಉಳಿಯಿತು. ಒಂದು ತತ್ವದಿಂದ ಯಾರಿಗೆ ಲಾಭ, ಯಾರ ಬಾಯಿ ಮುಚ್ಚುತ್ತದೆ ಎಂಬ ಪ್ರಶ್ನೆಯನ್ನು ಮಾರ್ಗೆಂತಾವ್‌ಗೆ ಕೇಳಿದಂತೆಯೇ ಎಲ್ಲರಿಗೂ ಕೇಳಬೇಕು. ಮಾರ್ಗೆಂತಾವ್, ವಾಲ್ಟ್ಸ್‌ರಂಥ ವಾಸ್ತವವಾದಿಗಳನ್ನು ಓದದೆ ಬಿಡುವುದಕ್ಕೂ ಇದು ಪರವಾನಗಿಯಲ್ಲ. ಅವರನ್ನು ಚೆನ್ನಾಗಿ ಓದಿದವರ ಟೀಕೆಗಷ್ಟೇ ತೂಕ.

9. ಪ್ರಶ್ನೆಪತ್ರಿಕೆ ಬದಲಾಗದೆ ಏನೂ ಬದಲಾಗದು

ಸಿಲಬಸ್‌ನ ಕೊನೆಯ ಘಟಕವಾಗಿ ‘ಪಾಶ್ಚಾತ್ಯೇತರ ದೃಷ್ಟಿಕೋನಗಳು’ ಎಂದು ಸೇರಿಸುವುದು ಈಗ ರೂಢಿ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಆ ಘಟಕಕ್ಕೆ ಸಮಯವಿರುವುದಿಲ್ಲ. ಇದ್ದರೂ ಐದು ಅಂಕದ ಟಿಪ್ಪಣಿಯಾಗಿ ಬರುತ್ತದೆ. ವಿದ್ಯಾರ್ಥಿ ಓದುವುದು ಪ್ರಶ್ನೆಪತ್ರಿಕೆಯನ್ನು ನೋಡಿಕೊಂಡು. ಹಾಗಾಗಿ ಬೇರೆ ನೋಟವನ್ನು ಪ್ರತ್ಯೇಕ ಘಟಕವಾಗಿ ಇಡದೆ ಪ್ರತಿ ಘಟಕದ ಪ್ರಶ್ನೆಯೊಳಗೆ ಸೇರಿಸುವುದು ಮೇಲು.

‘ವಾಸ್ತವವಾದವನ್ನು ವಿವರಿಸಿ’ ಎನ್ನುವ ಬದಲು, ‘ಮಿತ್ರ ರಾಜ್ಯದ ಅಂಗವೆಂಬ ಕೌಟಿಲ್ಯನ ಮಾತನ್ನು ಮಾರ್ಗೆಂತಾವ್ ಒಪ್ಪುತ್ತಿದ್ದರೇ? ಕಾರಣ ಕೊಡಿ’ ಎಂದು ಕೇಳಿ. ‘ಕ್ಯೂಬಾ ಬಿಕ್ಕಟ್ಟಿನ ಬಗ್ಗೆ ಬರೆಯಿರಿ’ ಎನ್ನುವ ಬದಲು, ‘ಅಕ್ಟೋಬರ್ 25, 1962ರಂದು ದೆಹಲಿ, ಮಾಸ್ಕೋ, ಹವಾನಾಗಳಲ್ಲಿ ಒಂದನ್ನು ಆರಿಸಿಕೊಂಡು, ಅಲ್ಲಿಂದ ಕಂಡ ಅಪಾಯವನ್ನು ವಿಶ್ಲೇಷಿಸಿ’ ಎನ್ನಿ. ಅಂಕ ಕೊಡುವಾಗ ಯಾರ ಪರ ಬರೆದಿದ್ದಾರೆ ಎಂಬುದನ್ನು ಬಿಟ್ಟು, ಯಾವ ಪುರಾವೆಯ ಮೇಲೆ ಬರೆದಿದ್ದಾರೆ ಎಂಬುದನ್ನು ನೋಡಿ. ಇದಕ್ಕೆ ಗೈಡುಗಳಲ್ಲಿ ಸಿದ್ಧ ಉತ್ತರ ಸಿಗುವುದಿಲ್ಲ, ಮೌಲ್ಯಮಾಪನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊರೆಯನ್ನು ಹೊರಲು ಅಧ್ಯಾಪಕರು ತಯಾರಿದ್ದರೆ, ಇದನ್ನು ಮುಂದಿನ ಸೆಮಿಸ್ಟರ್‌ನ ಆಂತರಿಕ ಪರೀಕ್ಷೆಯಿಂದಲೇ ಆರಂಭಿಸಬಹುದು. ಅದಕ್ಕೆ ಯಾವ ಅಧ್ಯಯನ ಮಂಡಳಿಯ ಅನುಮತಿಯೂ ಬೇಕಿಲ್ಲ.